ಆರು ಪೀಪಿ, ಒಂದು ಬಕೆಟ್ ಬ್ಲೀಚಿಂಗ್ ನೀರು

ಜಂಗಮಕೋಟೆಯ ಮದುವೆಯಲ್ಲಿ ಗಟ್ಟಿಮೇಳದ ಹೊತ್ತಿಗೆ ನನ್ನ ಸೊಸೆ ಮಂಜುಳಳ ನಾದಸ್ವರ ನಿಂತುಹೋಗಿದ್ದಕ್ಕೆ ಕಾರಣ ದೃಷ್ಟಿಯಲ್ಲ, ಶನಿಯಲ್ಲ, ಹೆಂಗಸು ಊದಿದಳು ಅಂತ ದೇವರಿಗೆ ಬಂದ ಸಿಟ್ಟೂ ಅಲ್ಲ. ಅವಳ ಪೀಪಿಗಳನ್ನು ನಾನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ನೆನೆಹಾಕಿ ತೊಳೆದಿದ್ದೆ. ನಡೆದದ್ದು ಇಷ್ಟೇ. ಮಿಕ್ಕಿದ್ದೆಲ್ಲ ಜನ ಕಟ್ಟಿದ್ದು.

ಈಗ ಇದು ನೆನಪಾಗಲು ಸಾಸಿವೆ ಡಬ್ಬಿ ಕಾರಣ. ಇವತ್ತು ಒಗ್ಗರಣೆಗೆ ಕೈ ಹಾಕಿದರೆ ಸಾಸಿವೆಯ ಜೊತೆ ಒಂದು ಪೀಪಿ ಬಂತು. ತಳದಲ್ಲಿ ಉಳಿದುಬಿಟ್ಟಿತ್ತು. ನೋಡದವರಿಗೆ ಹೇಳುತ್ತೇನೆ, ಪೀಪಿ ಅಂದರೆ ಮಕ್ಕಳು ಊದಿಕೊಂಡು ತಿರುಗುವ ಆಟದ ಸಾಮಾನಲ್ಲ. ನಾದಸ್ವರದ ನೆತ್ತಿಗೆ ಸಿಕ್ಕಿಸುವ ಜೊಂಡಿನ ಚೂರು, ಹೆಬ್ಬೆರಳಿನಷ್ಟೂ ಇರುವುದಿಲ್ಲ. ತುಟಿಯಲ್ಲಿ ಹಿಡಿದು ಊದುವುದು ಅದನ್ನೇ. ಕೆಳಗಿನ ಅಷ್ಟುದ್ದದ ಮರದ ಕೊಳವೆ ನೋಡಲು ಗಂಭೀರ, ಮಾತಾಡುವುದು ಮಾತ್ರ ಈ ಚೂರು. ನಮ್ಮ ಮನೆಗಳಲ್ಲಿ ಯಜಮಾನರು ಫೋಟೋದಲ್ಲಿ ದೊಡ್ಡದಾಗಿ ಕೂತಿರುತ್ತಾರೆ, ಮಾತು ನಡೆಯುವುದು ಅಡುಗೆಮನೆಯದು, ಹಾಗೆ.

ಅದು ಸಾಸಿವೆ ಡಬ್ಬಿಗೆ ಹೇಗೆ ಬಂತು ಅಂತ ಕೇಳುತ್ತೀರಿ. ನಾನೇ ಬಚ್ಚಿಟ್ಟಿದ್ದು. ನಮ್ಮಮ್ಮನೂ ಏನಾದರೂ ಬಚ್ಚಿಡಬೇಕಾದರೆ ಸಾಸಿವೆಯಲ್ಲೇ ಬಚ್ಚಿಡುತ್ತಿದ್ದಳು. ಗಂಡಸರು ಹುಡುಕದ ಜಾಗ ಅದೊಂದೇ ಅನ್ನುತ್ತಿದ್ದಳು. ಅವಳ ಪ್ರಕಾರ ಅವಳ ಗಂಡನಿಗೆ ಸಾಸಿವೆಗೂ ರಾಗಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ನಾನು ಹುಟ್ಟಿದ್ದು ಹುಳುವಿನ ಮನೆಯಲ್ಲಿ, ಸೇರಿದ್ದೂ ಹುಳುವಿನ ಮನೆಗೇ. ಶಿಡ್ಲಘಟ್ಟದ ಸುತ್ತಮುತ್ತ ಹೆಣ್ಣು ಕೊಡುವವರು ಮೊದಲು ನೋಡುತ್ತಿದ್ದದ್ದು ಹಿಪ್ಪುನೇರಳೆ ತೋಟ, ಆಮೇಲೆ ಹುಡುಗ. ತವರಿನಲ್ಲಿ ರೇಷ್ಮೆ ಹುಳುವಿಗೆ ಬೇರೆ ಮನೆ ಇರಲಿಲ್ಲ. ನಡುಮನೆಯಲ್ಲಿ ಬಿದಿರು ತಟ್ಟೆಗಳ ಮೇಲೆ ಹುಳು, ಜಗುಲಿಯ ಮೇಲೆ ನಾವು. ಹುಳು ಸೊಪ್ಪು ತಿನ್ನುವ ಸದ್ದು ತುಂತುರು ಮಳೆಯಂತೆ ಕೇಳುತ್ತಿತ್ತು. ನಿಜವಾದ ಮಳೆ ಬಂದರೂ ಹುಳುವೇ ಅಂದುಕೊಂಡು ಮಲಗಿ ನೆನೆದದ್ದುಂಟು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ, ಹಾಡುವಂತಿಲ್ಲ, ಪಾತ್ರೆ ಬೀಳಿಸುವಂತಿಲ್ಲ. ನಮಗೆ ಜ್ವರ ಬಂದರೆ ಮಾತ್ರ ಯಾರೂ ಮಾತು ನಿಲ್ಲಿಸುತ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೆ ನನ್ನನ್ನು ಸ್ಕೂಲು ಬಿಡಿಸಿದ್ದೂ ಸೊಪ್ಪು ಕೊಯ್ಯಲು ಆಳು ಸಾಲದು ಅಂತ. ಬಿಡಿಸದಿದ್ದರೆ ನಾನೇನೋ ಆಗಿಬಿಡುತ್ತಿದ್ದೆ ಅಂತ ಅಲ್ಲ. ಮಗ್ಗಿ ಏಳರ ಮೇಲೆ ಹತ್ತುತ್ತಿರಲಿಲ್ಲ.

ಇಂಥ ಮನೆಗೆ ನಾದಸ್ವರ ಊದುವ ಸೊಸೆ ಬಂದದ್ದು ಹೇಗೆ ಅಂದರೆ, ನಾನೇ ಆರಿಸಿ ತಂದದ್ದು. ಹೆಣ್ಣು ನೋಡಲು ನಗರಗೆರೆಗೆ ಹೋಗಿದ್ದೆವು, ಗೌರಿಬಿದನೂರಿನಿಂದ ಆಚೆ. ಅವಳಪ್ಪ ನಾದಸ್ವರದವರು. ಗಂಡು ಮಕ್ಕಳಿಲ್ಲ. ಉಪ್ಪಿಟ್ಟು ಆಯಿತು, ಕಾಫಿ ಬಂತು. ವಾಡಿಕೆಯಂತೆ ನಾನು ಕೇಳಿದೆ:

“ಹಾಡು ಬರುತ್ತೇನಮ್ಮ?”

“ಬರಲ್ಲ,” ಅಂದಳು. “ಊದಕ್ಕೆ ಬರುತ್ತೆ.”

ನಾನು ಒಲೆ ಊದುವುದು ಅಂದುಕೊಂಡು ತಲೆಯಾಡಿಸಿದೆ. ಅವಳು ಒಳಗೆ ಹೋಗಿ ಅಷ್ಟುದ್ದದ್ದನ್ನು ತಂದಳು. ಊದಿದ ಏಟಿಗೆ ನನ್ನ ಕಾಫಿ ಸೀರೆಯ ಮೇಲೆ. ಅವಳಪ್ಪ ತಲೆ ತಗ್ಗಿಸಿ ಕೂತಿದ್ದರು, ಈ ಸಂಬಂಧವೂ ಹೋಯಿತು ಅಂತ. ಮುಂಚೆ ನಾಲ್ಕು ಸಂಬಂಧ ಇದರಿಂದಲೇ ಹೋಗಿತ್ತಂತೆ. ನಾನು ಅಲ್ಲೇ ಒಪ್ಪಿದೆ. ಸಂಗೀತ ಹಿಡಿಸಿತು ಅಂತ ಅಲ್ಲ. ನನ್ನ ತಂಗಿ ಹೆರಿಗೆಯಲ್ಲಿ ಉಸಿರು ಸಾಲದೆ ಹೋದವಳು. ಇಷ್ಟು ಉಸಿರಿರುವ ಹುಡುಗಿ ಹೆರಿಗೆಯಲ್ಲಿ ಹೋಗುವುದಿಲ್ಲ ಅನ್ನಿಸಿತು. ಹಾಗೇ ಆಯಿತು. ಮೊಮ್ಮಗಳು ಕಾವ್ಯ ಹುಟ್ಟುವಾಗ ಮಂಜುಳ ಕೂಗಿದ್ದು ಆಸ್ಪತ್ರೆಯ ಗೇಟಿಗೆ ಕೇಳಿಸಿತು.

ಮದುವೆಯಾದ ಮೇಲೂ ಊದುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಬೇಡ ಅನ್ನುವ ಕೆಲಸವನ್ನು ಊರವರು ವಹಿಸಿಕೊಂಡರು. ಒಂದು ದೇವಸ್ಥಾನದ ಕಮಿಟಿಯವರು ಬಂದು ಒಂದು ಗಂಟೆ ಸುತ್ತಿ ಬಳಸಿ, ಕೊನೆಗೆ, “ತಿಂಗಳಲ್ಲಿ ಆ ನಾಲ್ಕು ದಿನ ಹೆಂಗಮ್ಮ?” ಅಂತ ಕೇಳಿದರು. “ಆ ನಾಲ್ಕು ದಿನ ನಿಮ್ಮ ಮನೇಲಿ ಅಡುಗೆ ಯಾರು ಮಾಡ್ತಾರಪ್ಪ?” ಅಂತ ನಾನು ಕೇಳಿದೆ. ಕಾಫಿ ಅರ್ಧಕ್ಕೆ ಬಿಟ್ಟು ಎದ್ದರು. ಕೆಲಸ ಹೋಯಿತು. ನನ್ನ ಬಾಯಿಂದ ಹೋದ ಕೆಲಸಗಳು ಅವಳಿಗೆ ಇನ್ನೂ ಕೆಲವಿವೆ. ಕರೆದವರೂ ಬೇರೆ ಮೇಳದವರು ಸಿಗದಿದ್ದಾಗ ಕರೆಯುತ್ತಿದ್ದರು. ಆಮೇಲೆ ಆಮೇಲೆ, “ಲೇಡೀಸ್ ನಾದಸ್ವರ” ಅಂತ ಫ್ಲೆಕ್ಸಿನಲ್ಲಿ ಹಾಕಿಸಲು ಕರೆಯತೊಡಗಿದರು. ಕೇಳುವವರಿಗಿಂತ ಮೊಬೈಲು ಹಿಡಿಯುವವರು ಜಾಸ್ತಿ. ಅವಳು ಕಣ್ಣು ಮುಚ್ಚಿಕೊಂಡು ಊದುತ್ತಿದ್ದಳು.

ಮೊದಲು ಶ್ರುತಿ ಪೆಟ್ಟಿಗೆ ಹಿಡಿಯುತ್ತಿದ್ದವನು ಹೆಂಗಸಿನ ಹಿಂದೆ ಕೂರುವುದು ನಾಚಿಕೆ ಅಂತ ಬಿಟ್ಟುಹೋದ. ಶ್ರುತಿ ಪೆಟ್ಟಿಗೆ ಅಂದರೆ ತಿದಿ ಒತ್ತುತ್ತ ಇದ್ದರೆ ಒಂದೇ ಸ್ವರ ಗುಂಯ್ ಅನ್ನುತ್ತಿರುವ ಪೆಟ್ಟಿಗೆ. ನಾನು ಹಿಡಿಯುತ್ತೇನೆ ಅಂದೆ. ಸೊಪ್ಪು ಕತ್ತರಿಸಿದ ಕೈ, ತಿದಿ ಒತ್ತುವುದೇನು ಮಹಾ. ಹಾಗೆ ಒಂಬತ್ತು ವರ್ಷ ಅವಳ ಬೆನ್ನ ಹಿಂದೆ ಕೂತಿದ್ದೇನೆ. ನನಗೆ ಬರುವುದು ಒಂದೇ ಸ್ವರ, ಆದರೆ ಅದನ್ನು ತಪ್ಪದೆ ಒತ್ತುತ್ತೇನೆ. ಈಗ ಮೊಬೈಲಿನಲ್ಲೇ ಶ್ರುತಿ ಬರುತ್ತದೆ ಅಂತ ಡೋಲಿನ ಚಲಪತಿ ಒಂದು ಸಲ ಬಾಯಿ ಬಿಟ್ಟ. ನಾನು ಒಂದು ಸಲ ನೋಡಿದೆ. ಮತ್ತೆ ಹೇಳಲಿಲ್ಲ. ನಿಜ ಹೇಳುತ್ತೇನೆ, ಮದುವೆಮನೆಗಳಲ್ಲಿ ಎಲ್ಲ ಮುದುಕಿಯರೂ ಹಿಂದಿನ ಕುರ್ಚಿಗಳಲ್ಲಿ ಊಟಕ್ಕೆ ಕಾಯುತ್ತಿರುತ್ತಾರೆ. ನಾನೊಬ್ಬಳು ವೇದಿಕೆಯ ಮೇಲೆ. ಅದರ ರುಚಿ ಹತ್ತಿತ್ತು.

ಇನ್ನು ಬ್ಲೀಚಿಂಗ್ ಪೌಡರು. ಈಗ ನಮಗೆ ಹುಳುವಿಗೇ ಬೇರೆ ಮನೆಯಿದೆ, ತೋಟದ ಮಗ್ಗುಲಿಗೆ. ಒಂದು ಬೆಳೆ ಇಳಿಸಿ ಇನ್ನೊಂದು ಬೆಳೆ ತರುವ ನಡುವೆ ಆ ಮನೆ ಖಾಲಿ. ಆಗ ಅದು ಮಂಜುಳಳ ಅಭ್ಯಾಸದ ಜಾಗ. ಹುಳು ಇರುವಾಗ ನಾನು ಬಿಡುತ್ತಿರಲಿಲ್ಲ. ರೇಷ್ಮೆ ಇಲಾಖೆಯ ಸಾಹೇಬರು ಒಂದು ಸಲ ಬಂದಾಗ ಅವಳು ಅವರನ್ನೇ ಕೇಳಿದಳು. ಹುಳುವಿಗೆ ಕಿವಿಯೇ ಇಲ್ಲಮ್ಮ, ಊದಿ ಅಂದರು. “ಕಿವಿ ಇಲ್ದಿದ್ರೆ ಏನು, ಗಾಬರಿ ಇರಲ್ವಾ?” ಅಂದೆ ನಾನು. ಸಾಹೇಬರು ಪೆನ್ನು ಜೇಬಿಗೆ ಹಾಕಿಕೊಂಡು ಹೋದರು.

ಹೋದ ಬೆಳೆಗೆ ಹಾಲುತೊಂಡೆ ರೋಗ ತಗುಲಿತ್ತು. ಹುಳು ಊದಿಕೊಂಡು, ಮುಟ್ಟಿದರೆ ಹಾಲಿನಂತೆ ಒಡೆದು ಸಾಯುವ ರೋಗ. ತಟ್ಟೆಗಟ್ಟಲೆ ಗುಂಡಿಗೆ ಹಾಕಿ ಸುಣ್ಣ ಸುರಿದೆವು. ಒಂದು ಸಲ ಅದನ್ನು ಕಂಡವರಿಗೆ ಎಲ್ಲದರಲ್ಲೂ ರೋಗವೇ ಕಾಣುತ್ತದೆ. ಆಮೇಲೆ ನಾನು ಬ್ಲೀಚಿಂಗ್ ಪೌಡರಿನ ಚೀಲ ಬಿಚ್ಚಿದೆ. ತಟ್ಟೆ, ಸ್ಟ್ಯಾಂಡು, ಹುಳು ಗೂಡು ಕಟ್ಟುವ ಚಂದ್ರಿಕೆ, ಇವನ್ನು ತೊಳೆಯುವುದು ಪದ್ಧತಿ. ನಾನು ಪೊರಕೆ ತೊಳೆದೆ, ಬಾಗಿಲ ಚಿಲಕ ತೊಳೆದೆ, ಮಗ ಸೀನನ ಚಪ್ಪಲಿ ತೊಳೆದೆ, ಕಾವ್ಯಳ ಗೊಂಬೆ ತೊಳೆದೆ. ಗೊಂಬೆಯ ಹುಬ್ಬು ಅಳಿಸಿಹೋಗಿ ಅದು ಇವತ್ತಿಗೂ ಆಶ್ಚರ್ಯಪಟ್ಟುಕೊಂಡೇ ಇದೆ. ಹುಳುಮನೆಯ ಗೋಡೆಯ ಗೂಡಿನಲ್ಲಿ ಒಂದು ಸಣ್ಣ ತಗಡಿನ ಡಬ್ಬಿ ಇತ್ತು. ತೆಗೆದರೆ ಆರು ಪೀಪಿ. ಬಾಯಿಯಲ್ಲಿ ಇಟ್ಟು ಇಟ್ಟು ಎಂಜಲಾದವು. ಎಂಜಲಿಗಿಂತ ರೋಗದ ಮನೆ ಇನ್ನೇನಿದೆ ಅಂತ ಬಕೆಟ್ಟಿಗೆ ಹಾಕಿದೆ. ಚಂದ್ರಿಕೆ ತೆಗೆಯುವಾಗ ತೆಗೆದೆ. ಎರಡು ನೀರಿನಲ್ಲಿ ಜಾಲಿಸಿ ಕಾವ್ಯಳ ಕೈಯಲ್ಲಿ ನೆರಳಿಗೆ ಹರವಿಸಿದೆ. ಬಿಳಿಬಿಳಿಯಾಗಿ ಮಲ್ಲಿಗೆ ಮೊಗ್ಗಿನ ಹಾಗೆ ಕಂಡವು. ಡಬ್ಬಿಗೆ ಹಾಕಿ ಇದ್ದಲ್ಲೇ ಇಟ್ಟೆ. ಒಳ್ಳೆಯ ಕೆಲಸ ಮಾಡಿದೆ ಅಂತ ಒಂದು ಲೋಟ ಕಾಫಿ ಜಾಸ್ತಿ ಕುಡಿದೆ.

ಆ ಆರು ಪೀಪಿಗಳನ್ನು ಅವಳು ಎರಡು ತಿಂಗಳಿಂದ, ಹುಳು ಇದ್ದಾಗ ತೋಟದ ಆಚೆ ಕೂತು, ದಿನಕ್ಕೆ ಸ್ವಲ್ಪ ಸ್ವಲ್ಪ ಊದಿ ಪಳಗಿಸಿ, ಜಂಗಮಕೋಟೆಯ ಮುಹೂರ್ತಕ್ಕೆ ಅಂತ ಎತ್ತಿಟ್ಟಿದ್ದಳು ಅಂತ ನನಗೆ ಗೊತ್ತಿರಲಿಲ್ಲ. ಹೊಸ ಪೀಪಿ ಊದಿದ ಕೂಡಲೇ ಮಾತು ಕೇಳುವುದಿಲ್ಲ, ಹೊಸ ಎತ್ತಿನ ಹಾಗೆ. ಒಂಬತ್ತು ವರ್ಷ ಹಿಂದೆ ಕೂತವಳಿಗೆ ಇಷ್ಟೂ ತಿಳಿದಿರಲಿಲ್ಲ. ನನ್ನ ಕಣ್ಣು ಪೆಟ್ಟಿಗೆಯ ಮೇಲೆ ಇರುತ್ತಿತ್ತು, ಇಲ್ಲವೇ ಊಟದ ಹಾಲಿನ ಕಡೆ.

ಮದುವೆಯ ದಿನ ಬೆಳಗಿನಿಂದ ಹಳೆಯ ಪೀಪಿಯಲ್ಲೇ ಊದುತ್ತಿದ್ದಳು. ಚೆನ್ನಾಗಿಯೇ ನಡೆಯಿತು. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಹಳೆಯದು ಬಾಯಿ ಬಿಟ್ಟಿತು. ಸರಿ, ಹೇಗೂ ಹೊಸದು ಹಾಕಬೇಕಿತ್ತಲ್ಲ ಅಂತ ಡಬ್ಬಿ ತೆಗೆದು ಒಂದನ್ನು ನಾಲಿಗೆಯಲ್ಲಿ ನೆನೆಸಿ ಸಿಕ್ಕಿಸಿದಳು. ವಾಸನೆ ಬರಲಿಲ್ಲವೇ ಅಂದರೆ, ಬೆಳೆ ಇಳಿಸಿದ ಮೇಲೆ ಎಂಟು ದಿನ ನಮ್ಮ ಮನೆಯ ಅನ್ನಕ್ಕೂ ಅದೇ ವಾಸನೆ. ಅಷ್ಟರಲ್ಲಿ ಪುರೋಹಿತರು, “ಗಟ್ಟಿಮೇಳ, ಗಟ್ಟಿಮೇಳ!” ಅಂತ ಕೈ ಎತ್ತಿದರು.

ಗಟ್ಟಿಮೇಳ ಯಾಕೆ ಅಂತ ನಿಮಗೆ ಗೊತ್ತೇ ಇದೆ. ತಾಳಿ ಕಟ್ಟುವ ಗಳಿಗೆಯಲ್ಲಿ ಯಾರದಾದರೂ ಸೀನು, ಅಪಶಬ್ದ, ಕೆಟ್ಟ ಮಾತು ಕಿವಿಗೆ ಬೀಳದಿರಲಿ ಅಂತ. ಚಲಪತಿ ಡೋಲು ಬಡಿದ. ಮಂಜುಳ ಊದಿದಳು. ಎರಡು ಎಳೆ ಗಟ್ಟಿಯಾಗಿ ಬಂತು. ಮೂರನೆಯದಕ್ಕೆ ಪೀಪಿ ನೆನೆದ ಹಪ್ಪಳದ ಹಾಗೆ ಮೆತ್ತಗಾಗಿ ಮುಚ್ಚಿಕೊಂಡಿತು. ಪುಸ್ ಅಂದಿತು. ಕಿತ್ತು ಇನ್ನೊಂದು ಸಿಕ್ಕಿಸಿದಳು. ಪುಸ್. ಮೂರನೆಯದು ಆಡಿನ ಮರಿಯ ಹಾಗೆ ಒಂದು ಸಲ ಕೂಗಿ ನಿಂತಿತು. ಮಿಕ್ಕ ಮೂರೂ ಅಷ್ಟೇ. “ಏಮೈಂದಮ್ಮಾ, ಏನಾಯ್ತು?” ಅಂತ ಚಲಪತಿ ಡೋಲಿನ ಮಧ್ಯೆ ಕೇಳುತ್ತಿದ್ದಾನೆ. ಅವಳ ಕತ್ತಿನ ನರ ಉಬ್ಬಿದ್ದು ನನಗೆ ಹಿಂದಿನಿಂದ ಕಾಣುತ್ತಿದೆ. ನಾನು ಒತ್ತುತ್ತಲೇ ಇದ್ದೇನೆ, ಗುಂಯ್, ಗುಂಯ್. ಕೆಳಗೆ ಬಿದ್ದ ಪೀಪಿ ನನ್ನ ಕಾಲ ಹತ್ತಿರ ಬಂತು. ಬಿಳಿಬಿಳಿಯಾಗಿತ್ತು. ಆಗ ತಿಳಿಯಿತು.

ವಿಡಿಯೋದವರಲ್ಲಿ ಯಾರೋ ಮೊಬೈಲಿನಲ್ಲಿ ನಾದಸ್ವರ ಹಾಕಿ ಮೈಕಿಗೆ ಹಿಡಿದರು. ತಾಳಿ ಅದರ ಮೇಲೆ ಕಟ್ಟಿದ್ದು. ಮೂರನೇ ಗಂಟು ಬೀಳುವಾಗ ಅದರಲ್ಲಿ ಯಾವುದೋ ಸೀರೆ ಅಂಗಡಿಯ ಜಾಹೀರಾತು ಬಂತು.

ಆಮೇಲೆ ಯಾರೂ ಜಗಳ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು. ಮದುಮಗಳ ತಾಯಿ ಲಕ್ಷ್ಮೀದೇವಮ್ಮ ಎಲೆಯಡಿಕೆ ತಟ್ಟೆಯನ್ನು ನಮ್ಮ ಮುಂದೆ ಇಟ್ಟು, ಮುಖ ಬೇರೆ ಕಡೆ ಮಾಡಿ, “ಹೆಣ್ಣಿನ ಕೈಗೆ ಕೊಟ್ಟಿದ್ದು ನಮ್ದೇ ತಪ್ಪು ಬಿಡಿ,” ಅಂದರು. ಇಷ್ಟೇ. ಚಿಂತಾಮಣಿಯಲ್ಲಿ ಅವರ ಅಕ್ಕನ ಮನೆಯ ಮದುವೆಗೂ ಮಂಜುಳಳಿಗೇ ಹೇಳಿದ್ದರು. ಮೂರನೇ ದಿನ ಅಲ್ಲಿಂದ ಫೋನು ಬಂತು, ಬೇರೆಯವರಿಗೆ ಹೇಳಿದ್ದೇವೆ ಅಂತ. ಚಿಕ್ಕಬಳ್ಳಾಪುರದ ಒಂದು ಗೃಹಪ್ರವೇಶದವರು ಫೋನೂ ಮಾಡಲಿಲ್ಲ. ಜಂಗಮಕೋಟೆಯ ಮಾತು ಅವಳಿಗಿಂತ ಮುಂಚೆ ಬಸ್ಸು ಹತ್ತಿತ್ತು.

ನಾನು ನೇರ ಮಾತಿನವಳು ಅಂತ ಹತ್ತೂರಿಗೆ ಗೊತ್ತು. ಸತ್ತ ಮನೆಗೆ ಹೋಗಿ, ಸತ್ತವನು ಕುಡಿತಿದ್ದ ಅಂತ ಹೇಳಿಬಂದವಳು. ಅಂಥವಳು ಹನ್ನೊಂದು ದಿನ ಬಾಯಿ ಬಿಡಲಿಲ್ಲ. ಆರೂ ಪೀಪಿಗಳನ್ನು ಮಂಟಪದಲ್ಲೇ ಸೆರಗಿಗೆ ಕಟ್ಟಿಕೊಂಡು ತಂದು ಸಾಸಿವೆಗೆ ಹಾಕಿದೆ. ಮಂಜುಳ ಹುಡುಕಿದಾಗ, “ಅಲ್ಲೇ ಬಿದ್ದುಹೋಗಿರ್ಬೇಕು ಕಣೇ,” ಅಂದೆ. ಯಾಕೆ ಅಂದರೆ ಹೆದರಿಕೆ. ಹೇಳಿದರೆ ಮುದುಕಿಗೆ ಅರಳುಮರಳು ಅಂತ ಮೂಲೆಗೆ ಕೂರಿಸುತ್ತಾರೆ, ಪೆಟ್ಟಿಗೆ ಕಿತ್ತುಕೊಳ್ಳುತ್ತಾರೆ, ನಾನೂ ಹಿಂದಿನ ಕುರ್ಚಿಯಲ್ಲಿ ಊಟಕ್ಕೆ ಕಾಯಬೇಕು. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಕಾವ್ಯಳಿಗೆ ಗೊತ್ತಿತ್ತು. ಎಂಟು ವರ್ಷದ ಹುಡುಗಿ, ತಾನೇ ನೆರಳಿಗೆ ಹರವಿದವಳು. ಒಂದು ದಿನ ನನ್ನ ಪಕ್ಕದಲ್ಲಿ ಕೂತು ಮೆಲ್ಲಗೆ, “ಅಜ್ಜೀ, ಬ್ಲೀಚಿಂಗ್ ಹಾಕಿದ್ರೆ ನನ್ ಗೊಂಬೆ ಹುಬ್ಬು ಹೋಯ್ತಲ್ಲ, ಅಮ್ಮನ ಪೀಪಿಗೆ ಏನ್ ಹೋಯ್ತು?” ಅಂದಳು.

“ಏನೂ ಹೋಗಿಲ್ಲ. ಹೋಗಿ ಓದ್ಕೋಮ್ಮ.”

“ಅಂಗಡಿಯಿಂದ ಖಾರದ ಚಿಪ್ಸ್ ತಂದ್ಕೊಡ್ತೀಯಾ?”

ತಂದುಕೊಟ್ಟೆ. ದಿನಾ ತಂದುಕೊಟ್ಟೆ. ಅವಳಿಗೆ ಭೇದಿ ಶುರುವಾಯಿತು. ಅದೂ ನನ್ನ ಲೆಕ್ಕಕ್ಕೇ.

ಪೀಪಿಯ ಮೇಲೆ ಮಂಜುಳಳಿಗೆ ಅನುಮಾನ ಬರಲಿಲ್ಲವೇ? ಬಂದಿತ್ತು. “ಒಂದು ಕೆಡಬೋದು ಅತ್ತೆ, ಎರಡು ಕೆಡಬೋದು. ಆರೂ ಒಟ್ಟಿಗೆ ಕೆಡಲ್ಲ. ಕೆಟ್ಟಿರೋದು ಊದೋಳು,” ಅಂದಳು. ಲೆಕ್ಕ ಸರಿಯಾಗಿತ್ತು, ಬಕೆಟ್ಟನ್ನು ಬಿಟ್ಟರೆ. ಅವಳು ಹಗಲೆಲ್ಲ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡಿಕೊಳ್ಳತೊಡಗಿದಳು. ಸೊಪ್ಪು ಕೊಯ್ಯುವಾಗ ನಿಲ್ಲುವುದು, ಒಂದು ಸಲ ಉಸಿರು ಎಳೆಯುವುದು, ತುಟಿ ಮುಟ್ಟಿಕೊಳ್ಳುವುದು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗೋಣ ಅಂದಳು. ಜೊತೆಗೆ ಹೋದೆ. ಬಸ್ಸಿನಲ್ಲಿ ಮೂರು ಸಲ ಬಾಯಿ ತೆರೆದೆ. ಒಂದು ಸಲ ಕಂಡಕ್ಟರು ಬಂದ, ಒಂದು ಸಲ ಕೆಮ್ಮು ಬಂತು, ಇನ್ನೊಂದು ಸಲ ಏನೂ ಬರಲಿಲ್ಲ, ಹಾಗೇ ಮುಚ್ಚಿದೆ.

ಡಾಕ್ಟರು ಒಂದು ಕೊಳವೆ ಕೊಟ್ಟು ಊದಿಸಿದರು. ಮುಳ್ಳು ಕೊನೆಗೆ ಹೋಗಿ ಹೊಡೆಯಿತು. ಅವರು ನಕ್ಕು, “ಏನು ಕೆಲ್ಸ ಮಾಡ್ತೀರಮ್ಮ? ನನಗೂ ಇಷ್ಟು ಇಲ್ಲ,” ಅಂದರು.

“ನಾದಸ್ವರ ಊದ್ತಿದ್ದೆ,” ಅಂದಳು.

ಊದ್ತಿದ್ದೆ ಅಂದಳು. ನಾನು ಗೋಡೆಯ ಮೇಲಿನ ಹಲ್ಲುಜ್ಜುವ ಚಿತ್ರ ನೋಡುತ್ತ ಕೂತೆ.

ಎದೆ ಸರಿಯಾಗಿದೆ ಅಂದರೆ ಖುಷಿಯಾಗಬೇಕಲ್ಲ, ಅವಳು ಇನ್ನೂ ಕುಗ್ಗಿದಳು. ಉಸಿರು ಇದ್ದೂ ನಾದ ಬರಲಿಲ್ಲ ಅಂದರೆ ದೇವರೇ ಬೇಡ ಅಂದ ಹಾಗೆ ಅಂತ. ಅಷ್ಟು ಜನ, ಕಮಿಟಿಯವರು, ಶ್ರುತಿ ಬಿಟ್ಟುಹೋದವನು, ನಾಲ್ಕು ಗಂಡಿನ ಮನೆಯವರು, ಇವರೆಲ್ಲ ಸೇರಿ ಮಾಡಲಾಗದ್ದನ್ನು ನನ್ನ ಒಂದು ಬಕೆಟ್ ನೀರು ಮಾಡಿತ್ತು. ಗೌರಿಬಿದನೂರಿನ ಕಡೆ ಗಾರ್ಮೆಂಟ್ಸಿನಲ್ಲಿ ಅವಳ ಚಿಕ್ಕಮ್ಮನ ಮಗಳು ಇದ್ದಾಳೆ. ಸೋಮವಾರದಿಂದ ಬಾ ಅಂದಿದ್ದರಂತೆ. ವಾರವೆಲ್ಲ ತವರಿನಲ್ಲಿದ್ದು ಹೋಗಿಬರುವುದು, ಭಾನುವಾರ ಮನೆಗೆ. ಸೀನ ಹೂಂ ಅಂದ. ಅವನಿಗೆ ಹೆಂಡತಿ ಅಳದಿದ್ದರೆ ಸಾಕಾಗಿತ್ತು.

ಶನಿವಾರ ಸಾಯಂಕಾಲ ಅವಳು ನಾದಸ್ವರವನ್ನು ಹಳೆಯ ಪಂಚೆಯಲ್ಲಿ ಸುತ್ತುತ್ತಿದ್ದಳು. ಅವಳಪ್ಪನದೇ ಆ ನಾದಸ್ವರ. ಅವರಿಗೆ ಈಗ ಹಲ್ಲಿಲ್ಲ, ಊದಲಾಗುವುದಿಲ್ಲ.

“ಯಾಕೇ ಸುತ್ತುತ್ತಿದ್ದೀಯ?”

“ಅಪ್ಪನಿಗೆ ವಾಪಸ್ ಕೊಡ್ತೀನಿ ಅತ್ತೆ. ಯಾರಾದ್ರೂ ಕಲಿಯೋರಿದ್ರೆ ಕೊಡ್ತಾರೆ.”

“ಇಲ್ಲೇ ಇರ್ಲಿ. ಏನು ಅನ್ನ ಕೇಳುತ್ತಾ ಅದು?”

“ಬೇಡ ಅತ್ತೆ. ಕಣ್ಮುಂದೆ ಇದ್ರೆ ತುಟಿ ನಡುಗುತ್ತೆ.”

ಮೇಲೆ ಒಂದು ದಾರ ಕಟ್ಟಿ ಗಂಟು ಹಾಕಿದಳು. ಹೆಣಕ್ಕೆ ಕಟ್ಟುವ ಹಾಗೆ ಮೂರು ಕಡೆ. ನನಗೆ ಅಳು ಬರುವುದಿಲ್ಲ, ಗಂಡ ಹೋದಾಗಲೂ ಬರಲಿಲ್ಲ. ಆದರೆ ಕೈ ತಾನಾಗಿ ಎದ್ದು ಗಾಳಿಯಲ್ಲೇ ತಿದಿ ಒತ್ತಿತು. ಒಂಬತ್ತು ವರ್ಷದ ಅಭ್ಯಾಸ. ಅದನ್ನು ನೋಡಿ ನನಗೇ ನಾಚಿಕೆಯಾಯಿತು.

“ಪೀಪಿ ನಾನು ತೊಳೆದೆ ಕಣೇ,” ಅಂದೆ.

“ಯಾವ ಪೀಪಿ?”

“ಆರೂ. ಬ್ಲೀಚಿಂಗ್ ನೀರಲ್ಲಿ. ಮದುವೆಗೆ ನಾಲ್ಕು ದಿನ ಮುಂಚೆ.”

ಅವಳು ಕೇಳಿದಳು: “ಎಷ್ಟು ಹೊತ್ತು ಹಾಕಿದ್ರಿ?”

“ಚಂದ್ರಿಕೆಗೆ ಹಾಕೋ ಅಷ್ಟು.”

“ಈಗೆಲ್ಲಿವೆ?”

“ಸಾಸಿವೆ ಡಬ್ಬೀಲಿ.”

ಬಾಗಿಲ ಹತ್ತಿರ ಕಾವ್ಯ, “ನಾನು ಬರೀ ಒಣಗಿಸಿದ್ದು ಅಮ್ಮ,” ಅಂದಳು.

ಮಂಜುಳ ಕೂಗಾಡಲಿಲ್ಲ. “ಹನ್ನೊಂದು ದಿನ ನಾನು ಉಸಿರು ಎಣಿಸ್ತಿದ್ದೆ ಅತ್ತೆ. ನೀವು ಪಕ್ಕದಲ್ಲೇ ಕೂತಿದ್ರಿ. ಆಸ್ಪತ್ರೇಲೂ ಕೂತಿದ್ರಿ.” ಇಷ್ಟು ಹೇಳಿ ಎದ್ದು ಹುಳುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪಂಚೆ ಸುತ್ತಿದ ನಾದಸ್ವರ ನನ್ನ ಮುಂದೆಯೇ ಇತ್ತು. ಗಂಟು ಬಿಚ್ಚಲು ನೋಡಿದೆ. ಗಟ್ಟಿಯಾಗಿ ಹಾಕಿದ್ದಳು. ಆಮೇಲೆ ಊಟಕ್ಕೆ ಬಂದಳು. ಸಾರು ಬಡಿಸಿದೆ, ಸಾಕು ಅಂತ ಕೈ ಅಡ್ಡ ಹಿಡಿದಳು. ಸೋಮವಾರ ಹೋಗುವುದಿಲ್ಲ ಅಂತಲೂ ಹೇಳಲಿಲ್ಲ. ಹೇಳಿ ಏನು, ಕರೆಯುವವರು ಯಾರೂ ಉಳಿದಿರಲಿಲ್ಲವಲ್ಲ. ನಾನು ಅವಳಿಗೆ ನಿಜ ಹೇಳಿದ್ದರಿಂದ ಜಂಗಮಕೋಟೆಗೇನೂ ತಿಳಿಯುವುದಿಲ್ಲ ಅಂತ ಆಗ ಹೊಳೆಯಿತು.

ಮಾರನೆಯ ಬೆಳಿಗ್ಗೆ ಎದ್ದು ಮುಖ ತೊಳೆದು, ಸಾಸಿವೆಯಲ್ಲಿ ಕೈಗೆ ಸಿಕ್ಕಷ್ಟು ಪೀಪಿ ಸೆರಗಿಗೆ ಕಟ್ಟಿಕೊಂಡು ಮೊದಲನೇ ಬಸ್ಸಿಗೆ ಜಂಗಮಕೋಟೆಗೆ ಹೋದೆ. ಲಕ್ಷ್ಮೀದೇವಮ್ಮ ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೂಟೆ ಬಿಚ್ಚುತ್ತಿದ್ದರು. ನನ್ನನ್ನು ನೋಡಿ ಮುಖ ಗಂಟಾಯಿತು.

“ಒಳಗೆ ಬನ್ನಿ” ಅಂದರು, ಕರೆಯಬೇಕಲ್ಲ ಅಂತ.

“ಬರಲ್ಲಮ್ಮ. ನಿಂತೇ ಹೇಳ್ತೀನಿ.” ಒಂದು ಪೀಪಿ ತೆಗೆದು ಬಾಯಿಗಿಟ್ಟು ಊದಿದೆ. ಪುಸ್. ಇನ್ನೊಂದು. ಪುಸ್. “ಇದು ನನ್ನ ಕೈ ಕೆಲ್ಸ. ನಮ್ಮನೇಲಿ ಹುಳುಗೆ ಹಾಲುತೊಂಡೆ ಬಂದಿತ್ತು. ತಟ್ಟೆ ಜೊತೆ ಇದನ್ನೂ ಬ್ಲೀಚಿಂಗಿಗೆ ಹಾಕ್ಬಿಟ್ಟೆ. ನನ್ನ ಸೊಸೇದು ತಪ್ಪಿಲ್ಲ. ನಿಮ್ಮ ಮಗಳ ತಾಳಿಗೂ ಏನೂ ದೋಷ ಇಲ್ಲ. ಬೈಯೋದಿದ್ರೆ ನನ್ನ ಬೈರಿ.”

ಲಕ್ಷ್ಮೀದೇವಮ್ಮ ನನ್ನ ಕೈಯಿಂದ ಪೀಪಿ ತೆಗೆದುಕೊಂಡು ಮೂಸಿದರು. ಉಗುರಿನಲ್ಲಿ ಒತ್ತಿದರು, ಅದು ಮೆತ್ತಗೆ ಬಿರಿಯಿತು. ಮುಖ ಹಾಗೇ ಬಿಗಿಯಾಗಿತ್ತು.

“ಬೆಳೆ ಪೂರ್ತಿ ಹೋಯ್ತಾ?” ಅಂದರು.

“ತಟ್ಟೆ ಸಮೇತ.”

“ಅಯ್ಯೋ.” ಬಿರಿದ ಪೀಪಿಯನ್ನು ಕಟ್ಟೆಯ ಮೇಲಿಟ್ಟು, “ನಮಗೆ ಬಂದ ವರ್ಷ ನಾನು ನಮ್ಮ ಮನೆಯವರ ಹಲ್ಲಿನ ಸೆಟ್ಟು ಹಾಕ್ಬಿಟ್ಟಿದ್ದೆ. ಮೂರು ದಿನ ಗಂಜಿ ಕುಡಿದ್ರು,” ಅಂದರು. ನಗಲಿಲ್ಲ. ಆದರೆ ಕಟ್ಟೆಯ ಮೇಲಿನ ಸೊಪ್ಪು ಸರಿಸಿ ನನಗೆ ಜಾಗ ಮಾಡಿದರು. “ಕೂತ್ಕೊಳಿ. ಎಷ್ಟು ದಿನ ಆಯ್ತು ಗೊತ್ತಾ, ಬೀಗರು ದಿನಾ ಫೋನ್ ಮಾಡಿ ಶಾಂತಿ ಮಾಡ್ಸಿ, ಶಾಂತಿ ಮಾಡ್ಸಿ ಅಂತಾರೆ. ಮೊದ್ಲೇ ಬರೋಕೆ ಏನಾಗಿತ್ತು ನಿಮಗೆ?”

“ನಿಮ್ಮ ಅಕ್ಕನಿಗೆ ಫೋನ್ ಮಾಡಿ,” ಅಂದೆ. “ನಾನಿಲ್ಲಿರೋವಾಗ್ಲೇ ಮಾಡಿ.”

ಒಳಗಿನಿಂದ ಕಾಫಿ ಬಂತು. ಲೋಟ ಮುಟ್ಟಲಿಲ್ಲ. ಅವರು ಸ್ಪೀಕರು ಹಾಕಿ ಚಿಂತಾಮಣಿಗೆ ಎಲ್ಲ ಹೇಳಿದರು. ತಟ್ಟೆ, ಬಕೆಟ್ಟು, ಆರು ಪೀಪಿ. ಆ ಕಡೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅಯ್ಯಯ್ಯೋ ಅನ್ನುವುದು ಕೇಳುತ್ತಿತ್ತು. ಆಮೇಲೆ ಮಾತು ನಿಂತಿತು. ಯಾರನ್ನೋ ಕೇಳಲು ಹೋದರು ಅಂತ ಕಾಣುತ್ತದೆ. ನಾನು ಸೊಪ್ಪಿನ ಎಲೆಗಳನ್ನು ಒಂದರ ಮೇಲೊಂದು ಇಡುತ್ತ ಕೂತೆ. ಹದಿನೇಳು ಇಟ್ಟಿದ್ದೆ.

ಫೋನು ಮತ್ತೆ ಮಾತಾಡಿತು. “ಸರಿ, ಆ ಹುಡುಗೀನೇ ಬರ್ಲಿ. ಬೇರೆಯವರಿಗೆ ಇನ್ನೂ ಎಲೆಯಡಿಕೆ ಕೊಟ್ಟಿಲ್ಲ. ಆದ್ರೆ ಒಂದು ಮಾತು ತಂಗೀ, ಆ ಅಜ್ಜೀನ ಮಾತ್ರ ಕರ್ಕೊಂಡು ಬರೋದು ಬೇಡ. ಸಾಮಾನು ಮುಟ್ಟೋ ಕೈ ಅದು.”

ಲಕ್ಷ್ಮೀದೇವಮ್ಮ ಗಾಬರಿಯಾಗಿ ಸ್ಪೀಕರು ತೆಗೆಯಲು ಹೋದರು. ಬಟನ್ನು ಸಿಗಲಿಲ್ಲ.

“ಆಗ್ಲಿ ಅನ್ನಿ,” ಅಂದೆ.

ಕಾಫಿ ಆರಿಹೋಗಿತ್ತು. ಕುಡಿದೆ. ಬಸ್ ಸ್ಟಾಪಿಗೆ ಬಂದು ಮಂಜುಳಳಿಗೆ ಫೋನ್ ಮಾಡಿದೆ. ತುಂಬ ಹೊತ್ತು ಹೊಡೆದುಕೊಂಡ ಮೇಲೆ ಎತ್ತಿದಳು.

“ಚಿಂತಾಮಣಿ ಮದುವೆ ನಿಂದೇ,” ಅಂದೆ. “ನಿಮ್ಮಪ್ಪನ ಹತ್ರ ಹಳೇ ಪೀಪಿ ಇದ್ರೆ ಇವತ್ತೇ ತರ್ಸು. ಗಂಟು ಬಿಚ್ಚೋಕೆ ಆಗ್ದಿದ್ರೆ ದಾರ ಕತ್ತರ್ಸು. ಶ್ರುತೀನ ಮೊಬೈಲಲ್ಲಿ ಹಾಕ್ಕೋ.”